ಬೆಳಕಿನ ಕಣಗಳನ್ನು ಎಣಿಸುವವರು

ಮನೆಗೆ ಬಂದ ನೆಂಟರು "ನಿಮ್ಮ ಮಕ್ಕಳು ಏನು ಮಾಡುತ್ತಾರೆ?" ಎಂದು ಕೇಳಿದಾಗ "ಡಾಕ್ಟರ್" ಎಂದರೆ ಸಾಕು, "ಬ್ಯಾಂಕಿನಲ್ಲಿದ್ದಾನೆ" ಎಂದರೂ ಸಾಕು, ಮಾತು ಅಲ್ಲಿಗೆ ಮುಗಿಯುತ್ತದೆ. ಆದರೆ ಈಚೆಗೆ ನಮ್ಮ ಸಂಘದ ಕೆಲವು ಮನೆಗಳಲ್ಲಿ ಈ ಪ್ರಶ್ನೆಗೆ ಉತ್ತರ ಅಷ್ಟು ಸಲೀಸಾಗಿ ಹೊರಡುವುದಿಲ್ಲ. "ಕ್ವಾಂಟಂ ಕ್ರಿಪ್ಟಾಗ್ರಫಿಯಲ್ಲಿ ಸಂಶೋಧನೆ" ಎಂದು ತಂದೆತಾಯಿಗಳು ಬಾಯಿಪಾಠ ಒಪ್ಪಿಸಿದಂತೆ ಹೇಳಿ ಸುಮ್ಮನಾಗುತ್ತಾರೆ. ಕೇಳಿದವರು "ಓಹೋ, ಕಂಪ್ಯೂಟರ್!" ಎಂದು ತಲೆಯಾಡಿಸುತ್ತಾರೆ. ಅದು ಕಂಪ್ಯೂಟರ್ ಕೆಲಸವಲ್ಲವೆಂದು ತಿಳಿಸಿ ಹೇಳುವ ಉತ್ಸಾಹ ಯಾರಿಗೂ ಉಳಿದಿರುವುದಿಲ್ಲ. ಹಾಗಾದರೆ ಈ ಮಕ್ಕಳು ದಿನವಿಡೀ ಮಾಡುವುದಾದರೂ ಏನು? ತಿಳಿಯಬೇಕೆಂದು ನಾವು ಸ್ವಲ್ಪ ಓದಿದೆವು, ಬಲ್ಲವರನ್ನು ಕೇಳಿದೆವು. ಸಂಘದ ಹಿರಿಯ ಸದಸ್ಯರೊಬ್ಬರ ಮಗಳು ಇದೇ ವಿಷಯದಲ್ಲಿ ನಾಲ್ಕು ವರ್ಷಗಳಿಂದ ಪಿಎಚ್.ಡಿ.ಗಾಗಿ ದುಡಿಯುತ್ತಿದ್ದಾಳೆ. ಅವಳು ರಜೆಗೆ ಬಂದಿದ್ದಾಗ ಎರಡು ಸಂಜೆ ಅವಳೊಡನೆ ಕುಳಿತೆವು. ತನ್ನ ಹೆಸರು ಬೇಡ, ಪ್ರಯೋಗಶಾಲೆಯ ಹೆಸರೂ ಬೇಡ ಎಂದಿದ್ದಾಳೆ. ನಮಗೂ ಅದು ಸರಿಯೆನ್ನಿಸಿತು.

ಗುಟ್ಟಾಗಿ ಬರೆಯುವ ವಿದ್ಯೆ ಬಹಳ ಹಳೆಯದು. ನಮ್ಮ ಹಿಂದಿನವರು ಅರವತ್ತನಾಲ್ಕು ಕಲೆಗಳಲ್ಲಿ ಅದನ್ನೂ ಒಂದೆಂದು ಎಣಿಸಿ ಮ್ಲೇಚ್ಛಿತವಿಕಲ್ಪ ಎಂದು ಹೆಸರಿಟ್ಟಿದ್ದರು. ಚಿಕ್ಕಂದಿನಲ್ಲಿ ಅಕ್ಷರಕ್ಕೊಂದು 'ಕ' ಸೇರಿಸಿ 'ಕ' ಭಾಷೆ ಆಡಿ ದೊಡ್ಡವರನ್ನು ಕಂಗೆಡಿಸದವರು ನಮ್ಮಲ್ಲಿ ಯಾರಿದ್ದಾರೆ? ಆದರೆ 'ಕ' ಭಾಷೆಯ ಗುಟ್ಟು ಒಂದು ಮಧ್ಯಾಹ್ನಕ್ಕಿಂತ ಹೆಚ್ಚು ಉಳಿಯುವುದಿಲ್ಲ. ಅದರ ಉಪಾಯ ಒಬ್ಬರಿಗೆ ತಿಳಿದರೆ ಎಲ್ಲರಿಗೂ ತಿಳಿದಂತೆಯೇ. ಆದ್ದರಿಂದ ಈ ಶಾಸ್ತ್ರದಲ್ಲಿ ಬೀಗವನ್ನು ಬಚ್ಚಿಡುವುದಿಲ್ಲ, ಬೀಗದಕೈಯನ್ನು ಬಚ್ಚಿಡುತ್ತಾರೆ. (ಧಾರವಾಡದ ಕಡೆಯವರು 'ಕೀಲಿ' ಎಂದು ಓದಿಕೊಳ್ಳಬಹುದು, ಅವರಿಗೆ ಬೀಗರೆಂದರೆ ಬೇರೆ ಗಾಬರಿ.) ಬೀಗ ಹೇಗೆ ಕೆಲಸ ಮಾಡುತ್ತದೆಂದು ಲೋಕಕ್ಕೆಲ್ಲ ತಿಳಿದರೂ ಬೀಗದಕೈ ಇಬ್ಬರಲ್ಲಿ ಮಾತ್ರ ಇದ್ದರೆ ಸಾಕು.

ಒಡೆಯಲಾರದ ಬೀಗವೊಂದು ಇದೆ ಎಂಬುದನ್ನು ಕೇಳಿ ನಮಗೆ ಆಶ್ಚರ್ಯವಾಯಿತು. 1917ರಲ್ಲಿ ಅಮೆರಿಕದ ವೆರ್ನಮ್ ಎಂಬ ಎಂಜಿನಿಯರು ತೋರಿಸಿದ ದಾರಿಯದು. ಪತ್ರ ಎಷ್ಟು ಉದ್ದವೋ ಬೀಗದಕೈಯೂ ಅಷ್ಟೇ ಉದ್ದವಿರಬೇಕು. ಅದು ಕವಡೆ ಎಸೆದು ಬರೆದ ಅಂಕಿಗಳಂತೆ ಗೊತ್ತುಗುರಿಯಿಲ್ಲದ್ದಾಗಿರಬೇಕು. ಒಮ್ಮೆ ಬಳಸಿದ್ದನ್ನು ಮತ್ತೆ ಬಳಸಕೂಡದು. ಇಷ್ಟು ನಿಯಮಗಳನ್ನು ಪಾಲಿಸಿದರೆ ಎಂಥ ಯಂತ್ರಕ್ಕೂ ಆ ಪತ್ರವನ್ನು ಒಡೆಯಲಾಗದೆಂದು ಕ್ಲಾಡ್ ಶ್ಯಾನನ್ 1949ರಲ್ಲಿ ಗಣಿತದಿಂದ ಸಾಧಿಸಿ ಪ್ರಕಟಿಸಿದರು. ಅಲ್ಲಿಗೆ ಎಲ್ಲ ಮುಗಿಯಿತಲ್ಲ ಎನ್ನಬೇಡಿ. ಅಷ್ಟುದ್ದದ ಬೀಗದಕೈಯನ್ನು ದೂರದಲ್ಲಿರುವವರಿಗೆ ಮುಟ್ಟಿಸುವುದು ಹೇಗೆ? ಪೆಟ್ಟಿಗೆ ಹೊತ್ತು ಹೋಗುವವನು ನಂಬಿಗಸ್ತನಾಗಿರಬೇಕು. ದಾರಿಯಲ್ಲಿ ಅವನು ಮಲಗಿದ್ದಾಗ ಯಾರೋ ಪ್ರತಿ ತೆಗೆದುಕೊಂಡರೆ ತಿಳಿಯುವುದೇ ಇಲ್ಲ.

1977ರಲ್ಲಿ ರಿವೆಸ್ಟ್, ಶಮೀರ್, ಆಡಲ್‌ಮನ್ ಎಂಬ ಮೂವರು ಬೇರೊಂದು ದಾರಿ ಹುಡುಕಿದರು. ಎರಡು ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸುವುದು ಸುಲಭ. ಗುಣಲಬ್ಧವನ್ನು ಕೊಟ್ಟು ಅವೆರಡನ್ನು ಹುಡುಕಿರೆಂದರೆ ಕಂಪ್ಯೂಟರಿಗೂ ಯುಗಗಳೇ ಬೇಕು. ನಾವು ಬ್ಯಾಂಕಿಗೆ ಹಣ ಕಳುಹಿಸುವಾಗಲೂ ರೈಲ್ವೆ ಟಿಕೆಟ್ ಕೊಳ್ಳುವಾಗಲೂ ಇಂಥ ಗಣಿತವೇ ಬಹುಕಾಲ ನಮ್ಮ ಕಾವಲುಗಾರನಾಗಿ ನಿಂತಿದೆ. ಆದರೆ 1994ರಲ್ಲಿ ಪೀಟರ್ ಶೋರ್ ಎಂಬ ಗಣಿತಜ್ಞರು, ಕ್ವಾಂಟಂ ನಿಯಮಗಳ ಮೇಲೆ ನಡೆಯುವ ಕಂಪ್ಯೂಟರನ್ನು ಕಟ್ಟಲು ಸಾಧ್ಯವಾದರೆ ಅದಕ್ಕೆ ಈ ಲೆಕ್ಕ ಕಷ್ಟವೇ ಅಲ್ಲವೆಂದು ತೋರಿಸಿದರು. ಅಷ್ಟು ದೊಡ್ಡ ಕ್ವಾಂಟಂ ಯಂತ್ರ ಇನ್ನೂ ಆಗಿಲ್ಲ. ಆದರೂ ಕಳ್ಳನಿಗೆ ಅವಸರವಿಲ್ಲ. ಇಂದು ತಂತಿಯಲ್ಲಿ ಹರಿದುಹೋಗುವ ಮುಚ್ಚಿದ ಪತ್ರಗಳನ್ನು ಹಾಗೆಯೇ ಕೂಡಿಟ್ಟುಕೊಂಡರೆ, ಹದಿನೈದು ಇಪ್ಪತ್ತು ವರ್ಷಗಳ ಮೇಲೆ ಯಂತ್ರ ಬಂದಾಗ ತೆರೆಯಬಹುದು. ರೈಲಿನ ಟಿಕೆಟ್ಟಿನ ಗುಟ್ಟು ಅಷ್ಟು ಹೊತ್ತಿಗೆ ಹಳಸಿರುತ್ತದೆ. ಗಡಿಯ ಕಾವಲಿನ ಏರ್ಪಾಡು, ಒಬ್ಬಳ ವೈದ್ಯಕೀಯ ಚೀಟಿ, ಒಂದು ಮನೆತನದ ಆಸ್ತಿಯ ಕಾಗದ ಹಳಸುವುದಿಲ್ಲ.

ಗಣಿತದ ಕಷ್ಟವನ್ನು ನೆಚ್ಚದೆ ಸೃಷ್ಟಿಯ ನಿಯಮವನ್ನೇ ಕಾವಲಿಗೆ ನಿಲ್ಲಿಸಬಹುದೆ ಎಂಬ ವಿಚಾರ ಹುಟ್ಟಿದ ಕಥೆ ಸ್ವಾರಸ್ಯವಾಗಿದೆ. 1970ರ ಸುಮಾರಿಗೆ ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾಲಯದಲ್ಲಿದ್ದ ಸ್ಟೀಫನ್ ವೀಸ್ನರ್ ಎಂಬ ತರುಣ, ಖೋಟಾ ನೋಟು ಮಾಡಲು ಎಂದೆಂದಿಗೂ ಸಾಧ್ಯವಾಗದಂಥ ಹಣದ ಬಗ್ಗೆ ಲೇಖನ ಬರೆದ. ನೋಟಿನೊಳಗೆ ಬೆಳಕಿನ ಕಣಗಳಂಥ ಕ್ವಾಂಟಂ ವಸ್ತುಗಳನ್ನು ಕೂಡಿಟ್ಟರೆ ಅವುಗಳ ನಕಲು ಆಗದು ಎಂಬುದು ಅವನ ತರ್ಕ. ಪತ್ರಿಕೆ ಅದನ್ನು ಹಿಂದಿರುಗಿಸಿತು. ಲೇಖನ ಅಚ್ಚಾದದ್ದು 1983ರಲ್ಲಿ. ಮುಂದೆ ಆತ ಇಸ್ರೇಲಿಗೆ ಹೋಗಿ ನೆಲೆಸಿ, ಮನೆ ಕಟ್ಟುವ ಕೂಲಿಕೆಲಸವನ್ನು ತಾನಾಗಿ ಆರಿಸಿಕೊಂಡು ಮಾಡುತ್ತಿದ್ದು 2021ರಲ್ಲಿ ತೀರಿಕೊಂಡ. ಒಂದು ಶಾಸ್ತ್ರಕ್ಕೆ ಬೀಜ ಬಿತ್ತಿದವನ ಬಾಳು ಹೀಗೂ ಇರಬಹುದೆಂದು ನಾವು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆವು.

ವೀಸ್ನರನ ಕಾಲೇಜಿನ ಗೆಳೆಯ ಚಾರ್ಲ್ಸ್ ಬೆನೆಟ್ ಈ ವಿಚಾರವನ್ನು ಮರೆಯಲಿಲ್ಲ. ಅವರು ಐ.ಬಿ.ಎಂ. ಸಂಸ್ಥೆಯ ವಿಜ್ಞಾನಿ. 1979ರ ಅಕ್ಟೋಬರಿನಲ್ಲಿ ಪೋರ್ಟೊರಿಕೊ ದ್ವೀಪದಲ್ಲಿ ಒಂದು ಸಮ್ಮೇಳನ ನಡೆಯಿತು. ಮಾಂಟ್ರಿಯಲ್ಲಿನ ಜಿಲ್ ಬ್ರಾಸಾರ್ ಎಂಬ ತರುಣ ಪ್ರಾಧ್ಯಾಪಕರು ಬಿಡುವಿನಲ್ಲಿ ಸಮುದ್ರದಲ್ಲಿ ಈಜುತ್ತಿದ್ದಾಗ ಗುರುತುಪರಿಚಯವಿಲ್ಲದವರೊಬ್ಬರು ಈಜಿಕೊಂಡು ಬಂದು ನಕಲಾಗದ ನೋಟಿನ ಮಾತೆತ್ತಿದರಂತೆ. ಅವರೇ ಬೆನೆಟ್. ಇಬ್ಬರೂ ಕೂಡಿ ದಡಕ್ಕೆ ಬರುವಷ್ಟರಲ್ಲಿ ಕೆಲಸ ಆರಂಭವಾಗಿಬಿಟ್ಟಿತ್ತು. ನೋಟನ್ನು ಕೈಬಿಟ್ಟು ಅವರು ಬೀಗದಕೈಯನ್ನು ಹಿಡಿದರು. ಬೆಳಕಿನ ಕಣವನ್ನು ಪೆಟ್ಟಿಗೆಯಲ್ಲಿ ಕೂಡಿಡುವುದು ಕಷ್ಟ. ಅದು ಹುಟ್ಟಿರುವುದೇ ಓಡಾಡುವುದಕ್ಕೆ ಅಲ್ಲವೆ?

ಆದರೆ ಇವರ ಲೇಖನಕ್ಕೂ ಒಳ್ಳೆಯ ಕಡೆ ಸ್ಥಳ ಸಿಕ್ಕುವುದು ಕಷ್ಟವಾಗಿತ್ತು. ಅಷ್ಟರಲ್ಲಿ ಕೆನಡದಲ್ಲಿದ್ದ ವಿಜಯ್ ಭಾರ್ಗವ ಎಂಬ ನಮ್ಮ ದೇಶದ ಮೂಲದ ಪ್ರಾಧ್ಯಾಪಕರು ಬ್ರಾಸಾರರನ್ನು ಭಾರತದಲ್ಲಿ ನಡೆಯಲಿದ್ದ ಒಂದು ಸಮ್ಮೇಳನಕ್ಕೆ ಕರೆದರು. ಯಾವ ವಿಷಯದ ಮೇಲಾದರೂ ಮಾತನಾಡಬಹುದು ಎಂದರು. ಆ ಸಮ್ಮೇಳನ ನಡೆದದ್ದು 1984ರ ಡಿಸೆಂಬರಿನಲ್ಲಿ, ನಮ್ಮ ಬೆಂಗಳೂರಿನಲ್ಲಿ. ಐದೇ ಪುಟದ ಲೇಖನ. ಇಂದು ಜಗತ್ತಿನ ಯಾವ ಮೂಲೆಯಲ್ಲಿ ಈ ಶಾಸ್ತ್ರ ಕಲಿತರೂ ಮೊದಲನೆಯ ಪಾಠವೆಂದರೆ ಇಬ್ಬರ ಹೆಸರಿನ ಮೊದಲಕ್ಷರವನ್ನೂ ಆ ವರ್ಷವನ್ನೂ ಕೂಡಿಸಿ ಕರೆಯುವ 'ಬಿಬಿ-84'. ಮೂಲ ಸಂಪುಟ ಸುಲಭವಾಗಿ ಸಿಕ್ಕದೆ, ಮೂವತ್ತು ವರ್ಷಗಳ ತರುವಾಯ 2014ರಲ್ಲಿ ಅದನ್ನು ಮತ್ತೆ ಅಚ್ಚು ಹಾಕಬೇಕಾಯಿತು. ಬೆಂಗಳೂರಿನಲ್ಲಿ ಇದಕ್ಕೊಂದು ಕಲ್ಲು ನೆಟ್ಟರೆ ತಪ್ಪೇನಿಲ್ಲವೆಂದು ನಮ್ಮ ಅಭಿಪ್ರಾಯ. ಅಷ್ಟು ಚೌಕಗಳಿರುವ ಊರಿನಲ್ಲಿ ಒಂದಕ್ಕೆ ಸ್ಥಳವಿರಲಾರದೆ?

ಇನ್ನು ಆ ಐದು ಪುಟದ ಸಾರ. ಬೆಳಗಾವಿಯಲ್ಲಿ ಅಕ್ಕ, ಮುಂಬಯಿಯಲ್ಲಿ ತಂಗಿ, ನಡುವೆ ಒಬ್ಬ ಕಳ್ಳ ಎಂದಿಟ್ಟುಕೊಳ್ಳಿ. ಅಕ್ಕ ಬೆಳಕಿನ ಕಣಗಳನ್ನು ಒಂದೊಂದಾಗಿ ಕಳುಹಿಸುತ್ತಾಳೆ. ಬೆಳಕು ಅಲುಗಾಡುವ ದಿಕ್ಕಿಗೆ ಧ್ರುವೀಕರಣವೆಂದು ಹೆಸರು. ಅದನ್ನು ಊದಿನಕಡ್ಡಿಯಂತೆ ಭಾವಿಸಬಹುದು. ಕಿಟಕಿಗೆ ನೆಟ್ಟಗಿನ ಕಂಬಿಗಳಿದ್ದರೆ ನಿಂತ ಕಡ್ಡಿ ನುಸುಳುತ್ತದೆ, ಮಲಗಿದ ಕಡ್ಡಿ ತಡೆಯುತ್ತದೆ. ವಾಲಿಕೊಂಡ ಕಡ್ಡಿ? ಮನೆಯ ಕಡ್ಡಿಯಾದರೆ ಸಿಕ್ಕಿಕೊಳ್ಳುತ್ತದೆ. ಬೆಳಕಿನ ಕಣದ ಮಾತೇ ಬೇರೆ: ಅರ್ಧ ವಾಲಿದ್ದು ಎರಡರಲ್ಲೊಂದು ಸಲ ನುಸುಳುತ್ತದೆ, ಒಂದು ಸಲ ತಡೆಯುತ್ತದೆ, ನುಸುಳಿದ ಮೇಲೆ ತಾನು ವಾಲಿದ್ದುದನ್ನು ಮರೆತು ನೆಟ್ಟಗೆ ನಿಂತುಬಿಡುತ್ತದೆ. ಯಾವ ಕಣ ನುಸುಳುತ್ತದೆಂದು ಮುಂದಾಗಿ ಹೇಳಲು ಯಾರಿಗೂ ಆಗದು. ಒಂದು ಕಣವನ್ನು ಹಾಗೆಯೇ ನಕಲು ಮಾಡಿ ಎರಡಾಗಿಸಲೂ ಆಗದು. ಇದನ್ನು ವೂಟರ್ಸ್ ಮತ್ತು ಝೂರೆಕ್ ಒಟ್ಟಾಗಿಯೂ, ಡೀಕ್ಸ್ ಬೇರೆಯಾಗಿಯೂ 1982ರಲ್ಲಿ ಸಾಧಿಸಿದರು.

ಅಕ್ಕ ನಾಲ್ಕು ಬಗೆಯ ಕಣಗಳನ್ನು ಮನಸ್ಸಿಗೆ ಬಂದಂತೆ ಕಳುಹಿಸುತ್ತಾಳೆ: ನಿಂತದ್ದು, ಮಲಗಿದ್ದು, ಬಲಕ್ಕೆ ವಾಲಿದ್ದು, ಎಡಕ್ಕೆ ವಾಲಿದ್ದು. ನಿಂತದ್ದೂ ಬಲಕ್ಕೆ ವಾಲಿದ್ದೂ ಸೊನ್ನೆ, ಉಳಿದೆರಡೂ ಒಂದು. ತಂಗಿಯ ಬಳಿ ನೆಟ್ಟಗಿನ ಕಿಟಕಿಯೊಂದು, ಓರೆ ಕಿಟಕಿಯೊಂದು. ಅವಳೂ ಮನಸ್ಸಿಗೆ ಬಂದದ್ದನ್ನು ತೆರೆಯುತ್ತಾಳೆ. ಆಮೇಲೆ ಇಬ್ಬರೂ ಟೆಲಿಫೋನಿನಲ್ಲಿ, ಯಾರು ಕೇಳಿದರೂ ಚಿಂತೆಯಿಲ್ಲದೆ, "ಮೊದಲನೆಯದಕ್ಕೆ ನೆಟ್ಟಗಿನದು, ಎರಡನೆಯದಕ್ಕೆ ಓರೆ" ಎಂದು ಕಿಟಕಿಯನ್ನಷ್ಟೇ ಹೇಳಿಕೊಳ್ಳುತ್ತಾರೆ, ಕಂಡದ್ದನ್ನು ಹೇಳುವುದಿಲ್ಲ. ಹೊಂದದವನ್ನು ಬಿಸಾಡಿದರೆ ಸುಮಾರು ಅರ್ಧ ಉಳಿಯುತ್ತದೆ. ನಡುವೆ ಕಳ್ಳ ಕೈಹಾಕಿದ್ದರೆ? ಅಕ್ಕನ ಕಿಟಕಿ ಅವನಿಗೆ ಆ ಹೊತ್ತಿಗೆ ತಿಳಿದಿಲ್ಲ. ಅರ್ಧ ಸಲ ತಪ್ಪು ಕಿಟಕಿ ತೆರೆದು ಕಣವನ್ನು ಕೆಡಿಸಿ ಮುಂದೆ ಕಳುಹಿಸಿರುತ್ತಾನೆ. ಅದರಲ್ಲಿ ಅರ್ಧ ತಂಗಿಗೆ ತಪ್ಪಾಗಿ ಕಾಣುತ್ತದೆ. ಅಕ್ಕತಂಗಿಯರು ಉಳಿದವುಗಳಲ್ಲಿ ನೂರನ್ನು ಹೊರಗೆ ತೆಗೆದು ಹೋಲಿಸಿದರೆ ಸುಮಾರು ಇಪ್ಪತ್ತೈದು ತಾಳೆಯಾಗುವುದಿಲ್ಲ. ಕಳ್ಳ ಬಂದಿದ್ದ ಎಂದು ಬೆಳಕೇ ಚಾಡಿ ಹೇಳಿದಂತಾಯಿತು. ಆಗ ಎಲ್ಲವನ್ನೂ ಬಿಸಾಡಿ ಮೊದಲಿನಿಂದ ಆರಂಭಿಸುತ್ತಾರೆ. ಕಳುಹಿಸಿದ್ದು ಬರಿಯ ಬೀಗದಕೈ, ಮನೆಮಾತಲ್ಲ. ಆದ್ದರಿಂದ ನಷ್ಟವೇನೂ ಇಲ್ಲ.

ಇದನ್ನು ಕಾಗದದ ಮೇಲೆ ಅರ್ಥಮಾಡಿಕೊಳ್ಳಲು ನಮಗೆ ಒಂದು ಸಂಜೆ ಸಾಕಾಯಿತು. ಯಂತ್ರವಾಗಿ ಮಾಡಲು ಬೆನೆಟ್ ಮತ್ತು ಬ್ರಾಸಾರರಿಗೆ ಐದು ವರ್ಷ ಬೇಕಾಯಿತು. 1989ರ ಅಕ್ಟೋಬರಿನ ಕೊನೆಗೆ, ವಿದ್ಯಾರ್ಥಿಗಳ ನೆರವಿನಿಂದ, ಐ.ಬಿ.ಎಂ. ಪ್ರಯೋಗಶಾಲೆಯಲ್ಲಿ ಮೊದಲ ಬಾರಿಗೆ ಅದು ಕೆಲಸ ಮಾಡಿತು. ಗುಟ್ಟು ಸಾಗಿದ ದೂರ ಒಂದು ಅಡಿಗಿಂತ ತುಸು ಹೆಚ್ಚು! ಅಷ್ಟಕ್ಕೂ ಕಣದ ದಿಕ್ಕನ್ನು ತಿರುಗಿಸುವ ಉಪಕರಣಕ್ಕೆ ಹೆಚ್ಚಿನ ವೋಲ್ಟೇಜಿನ ವಿದ್ಯುತ್ತು ಬೇಕಾಗಿ, ದಿಕ್ಕಿಗೊಂದು ಬಗೆಯ ಸದ್ದು ಹೊರಡುತ್ತಿತ್ತು. ಪಕ್ಕದಲ್ಲಿ ನಿಂತವನು ಕಿವಿಗೊಟ್ಟರೆ ಗುಟ್ಟೆಲ್ಲ ಬಯಲು. ಕಿವುಡ ಕಳ್ಳನಾದರೆ ನಮ್ಮ ಯಂತ್ರ ಪೂರ್ತಿ ಭದ್ರ ಎಂದು ಬ್ರಾಸಾರರು ಆಮೇಲೆ ತಾವೇ ತಮಾಷೆ ಮಾಡಿಕೊಂಡಿದ್ದಾರೆ.

ಈ ತಮಾಷೆಯಲ್ಲೇ ಇವರ ವೃತ್ತಿಯ ಕಷ್ಟವೆಲ್ಲ ಅಡಗಿದೆ ಎಂದು ನಮಗೆ ಅನ್ನಿಸಿತು. ಸೃಷ್ಟಿಯ ನಿಯಮ ಸುಳ್ಳಾಡುವುದಿಲ್ಲ. ಆದರೆ ಯಂತ್ರ ಮಾಡುವವನು ಮನುಷ್ಯ. ನಿಯಮಕ್ಕೂ ಯಂತ್ರಕ್ಕೂ ನಡುವೆ ಎಲ್ಲಿ ಬಿರುಕಿದೆ ಎಂದು ಹುಡುಕುವುದೇ ಈ ವಿಜ್ಞಾನಿಗಳ ಮುಕ್ಕಾಲು ಪಾಲಿನ ಕೆಲಸ. "ಕಾಕಾ, ದಿನಾ ಕಳ್ಳರಾಗಿ ವಿಚಾರ ಮಾಡಬೇಕಾಗ್ತದರಿ. ಇಲ್ಲಾಂದ್ರ ನಮ್ಮ ಕೆಲಸಾ ನಡ್ಯೂದಿಲ್ಲ," ಎಂದಳು ಹುಡುಗಿ.

ಅವಳ ದಿನಚರಿಯನ್ನು ಕೇಳಿದೆವು. ಬಿಳಿಯ ಕೋಟು, ಹೊಗೆಯಾಡುವ ಗಾಜಿನ ಕುಪ್ಪಿ ಇವನ್ನೆಲ್ಲ ವಾಚಕರು ಮನಸ್ಸಿನಿಂದ ತೆಗೆದುಹಾಕಬೇಕು. ಒಂದು ಕತ್ತಲೆ ಕೋಣೆ. ಬಾಗಿಲಿಗೆ ದಪ್ಪ ಕರಿಯ ಪರದೆ. ನಡುವೆ ಉಕ್ಕಿನ ದೊಡ್ಡ ಮೇಜು; ರಸ್ತೆಯಲ್ಲಿ ಲಾರಿ ಹೋದರೆ ಅದರ ನಡುಕ ತಾಗದಂತೆ ಮೇಜಿನ ಕಾಲುಗಳೊಳಗೆ ಗಾಳಿ ತುಂಬಿ ತೇಲಿಸಿರುತ್ತಾರೆ. ಮೇಜಿನ ತುಂಬ ಒಂದೊಂದು ಅಂಗುಲಕ್ಕೂ ತೂತು. ಆ ತೂತುಗಳಿಗೆ ತಿರುಪಿನಿಂದ ಕೂರಿಸಿದ ಕನ್ನಡಿ, ಮಸೂರ, ಹರಳು. ಲೇಸರಿನ ಬೆಳಕನ್ನು ಕಪ್ಪು ಗಾಜುಗಳ ಮೂಲಕ ಹಾಯಿಸಿ ಕುಗ್ಗಿಸುತ್ತ ಹೋಗುತ್ತಾರೆ. ಕೊನೆಗೆ ಒಂದು ಮಿಂಚಿಗೆ ಸರಾಸರಿ ಒಂದು ಕಣವೂ ಇಲ್ಲದಷ್ಟು ಕ್ಷೀಣವಾಗುತ್ತದೆ. ಆ ಕಣ ನಾಲ್ಕಾರು ಕನ್ನಡಿಗಳನ್ನು ದಾಟಿ ಕೂದಲೆಳೆಯಷ್ಟು ಸಣ್ಣ ಗಾಜಿನ ನಾರಿನ ಬಾಯಿಗೆ ಸರಿಯಾಗಿ ಬೀಳಬೇಕು. ತಿರುಪನ್ನು ಕೂದಲಷ್ಟು ತಿರುಗಿಸಿ, ಲೆಕ್ಕ ನೋಡಿ, ಮತ್ತೆ ತಿರುಗಿಸುವುದರಲ್ಲೇ ವಾರಗಳು ಕಳೆಯುತ್ತವೆ. ಏರ್‌ಕಂಡೀಷನರಿನ ಉಷ್ಣತೆ ಒಂದು ಡಿಗ್ರಿ ಏರಿದರೆ ಲೋಹ ಹಿಗ್ಗಿ ನಿನ್ನೆಯ ಶ್ರಮವೆಲ್ಲ ಹಾಳು.

ಕಣವನ್ನು ಹಿಡಿಯುವ ಸಾಧನವೂ ಬಲು ನಾಜೂಕಿನದು. ಒಂದೇ ಕಣಕ್ಕೆ ಎಚ್ಚರಗೊಳ್ಳುವ ಅದು, ಏನೂ ಬಾರದಿದ್ದಾಗಲೂ ಕೆಲವೊಮ್ಮೆ ಸುಮ್ಮಸುಮ್ಮನೆ ಎಚ್ಚರಗೊಂಡು ಲೆಕ್ಕ ಒಪ್ಪಿಸುತ್ತದೆ, ನಿದ್ದೆಗಣ್ಣಿನ ಕಾವಲುಗಾರನ ಹಾಗೆ. ಈ ಸುಳ್ಳು ಲೆಕ್ಕವನ್ನು ತಗ್ಗಿಸಲು ಅದನ್ನು ಸೊನ್ನೆಗಿಂತ ಹತ್ತಾರು ಡಿಗ್ರಿ ಕೆಳಗೆ ತಣ್ಣಗಿಡುತ್ತಾರೆ. ಅತ್ಯುತ್ತಮವಾದವಕ್ಕೆ ಸೊನ್ನೆಯ ಕೆಳಗೆ ಸುಮಾರು 270 ಡಿಗ್ರಿಯ ಚಳಿ ಬೇಕು. ಮೊಬೈಲ್ ಫೋನಿನ ಪರದೆ ಒಮ್ಮೆ ಮಿನುಗಿದರೂ ಆ ಗಳಿಗೆಯ ಎಣಿಕೆ ಕೆಟ್ಟಿತು. ಉಳಿದ ವೇಳೆಯೆಲ್ಲ ಲೆಕ್ಕದಲ್ಲಿ. ಕಳ್ಳನಿಲ್ಲದಿದ್ದರೂ ಯಂತ್ರದ ದೋಷದಿಂದ ನೂರಕ್ಕೆ ಎರಡು ಮೂರು ತಪ್ಪು ಬಂದೇ ಬರುತ್ತದೆ. ಅಷ್ಟನ್ನೂ ಕಳ್ಳನದೇ ಎಂದೆಣಿಸಿ, ಅವನಿಗೆ ತಿಳಿದಿರಬಹುದಾದಷ್ಟನ್ನು ಗಣಿತದಿಂದ ಹಿಂಡಿ ತೆಗೆದು, ಉಳಿದ ಚಿಕ್ಕ ಬೀಗದಕೈಯನ್ನು ಮಾತ್ರ ಬಳಸಬೇಕು. ಬಿಬಿ-84ರ ಸಾಮಾನ್ಯ ಕ್ರಮದಲ್ಲಿ ತಪ್ಪು ನೂರಕ್ಕೆ ಹನ್ನೊಂದನ್ನು ಮುಟ್ಟಿತೆಂದರೆ ಹಿಂಡಲು ಏನೂ ಉಳಿಯುವುದಿಲ್ಲ.

ಧ್ರುವೀಕರಣದ ಮಾತು ಬಂದಾಗ ಒಂದು ಹೆಸರನ್ನು ನೆನೆಯದೆ ಮುಂದೆ ಹೋಗಲಾರೆವು. ಸರ್ ಸಿ. ವಿ. ರಾಮನ್ನರು 1948ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಸಂಶೋಧನಾ ಸಂಸ್ಥೆಯಲ್ಲಿ ಅವರ ಸೋದರಸಂಬಂಧದ ಹುಡುಗ ಎಸ್. ಪಂಚರತ್ನಂ ಹರಳುಗಳ ಮೂಲಕ ಧ್ರುವೀಕೃತ ಬೆಳಕನ್ನು ಹಾಯಿಸಿ ನೋಡುತ್ತಿದ್ದರು. 1956ರಲ್ಲಿ, ಇಪ್ಪತ್ತೆರಡರ ವಯಸ್ಸಿನಲ್ಲಿ, ಬೆಳಕಿನ ದಿಕ್ಕನ್ನು ಸುತ್ತು ಹಾಕಿಸಿ ಮೊದಲಿನ ಸ್ಥಿತಿಗೆ ತಂದರೂ ಅದರ ಅಲೆಯಲ್ಲಿ ಒಂದು ಗುರುತು ಉಳಿಯುತ್ತದೆಂದು ಬರೆದರು. ಲೋಕಕ್ಕೆ ಅದರ ಬೆಲೆ ತಿಳಿದದ್ದು ಎಂಬತ್ತರ ದಶಕದಲ್ಲಿ. ಅವರು 1969ರಲ್ಲೇ, ಮೂವತ್ತೈದು ವರ್ಷಕ್ಕೆ, ಆಕ್ಸ್‌ಫರ್ಡಿನಲ್ಲಿ ತೀರಿಕೊಂಡಿದ್ದರು. ಅದೇ ಸಂಸ್ಥೆಯಲ್ಲಿ ಇಂದು ಕ್ವಾಂಟಂ ಬೀಗದಕೈಯ ಪ್ರಯೋಗಶಾಲೆಯಿದೆ. 2021ರಲ್ಲಿ ಅಲ್ಲಿನವರು ಎರಡು ಕಟ್ಟಡಗಳ ನಡುವೆ ಬಯಲು ಗಾಳಿಯಲ್ಲಿ ಬೆಳಕಿನ ಕಣಗಳಿಂದ ಬೀಗದಕೈ ಸಾಗಿಸಿದರು.

ಕಳ್ಳರ ಕಡೆಯ ಸುದ್ದಿಯನ್ನೂ ಹೇಳಬೇಕು. 2010ರಲ್ಲಿ ನಾರ್ವೆ ದೇಶದ ಟ್ರಾಂಡ್‌ಹೈಮಿನಲ್ಲಿ ವಾದಿಮ್ ಮಕರೋವ್ ಮತ್ತು ಸಂಗಡಿಗರು ಅಂಗಡಿಯಲ್ಲಿ ಮಾರಾಟಕ್ಕಿದ್ದ ಕ್ವಾಂಟಂ ಯಂತ್ರಗಳನ್ನು ತಂದು, ಕಣ ಹಿಡಿಯುವ ಸಾಧನದ ಮೇಲೆ ಪ್ರಖರವಾದ ಬೆಳಕು ಬಿಟ್ಟರು. ಕಣ್ಣು ಕುಕ್ಕಿದ ಸಾಧನ ಒಂಟಿ ಕಣವನ್ನು ಕಾಣಲಾರದೆ ಕಳ್ಳ ಹೇಳಿದ್ದಕ್ಕೆಲ್ಲ ಹೂಂಗುಟ್ಟತೊಡಗಿತು. ಬೀಗದಕೈ ಪೂರ್ತಿ ಅವರ ಕೈಗೆ ಬಂತು; ಅಕ್ಕತಂಗಿಯರ ಹೋಲಿಕೆಯಲ್ಲಿ ಒಂದು ತಪ್ಪೂ ಹೆಚ್ಚಾಗಲಿಲ್ಲ. ತಯಾರಕರಿಗೆ ಮೊದಲೇ ತಿಳಿಸಿ, ಆಮೇಲೆ ಪ್ರಕಟಿಸಿದರು. ಇಂಥವರನ್ನು ಈ ವೃತ್ತಿಯಲ್ಲಿ ಯಾರೂ ಬೈಯುವುದಿಲ್ಲ. ಕೂರಿಸಿ ಮರ್ಯಾದೆ ಮಾಡುತ್ತಾರೆ. ಅವರಿಂದಾಗಿಯೇ, 2012ರಲ್ಲಿ ಲೋ, ಕರ್ಟಿ, ಚಿ ಎಂಬ ಮೂವರು, ಕಣ ಹಿಡಿಯುವ ಸಾಧನ ಕಳ್ಳನ ಕೈಯಲ್ಲೇ ಇದ್ದರೂ ಗುಟ್ಟು ಉಳಿಯುವಂಥ ಕ್ರಮವನ್ನು ಸೂಚಿಸಿದರು.

ಕ್ಷೀಣ ಲೇಸರಿನ ಮಿಂಚಿನಲ್ಲಿ ಒಮ್ಮೊಮ್ಮೆ ಎರಡು ಕಣ ಬಂದುಬಿಡುತ್ತವೆ. ಆಗ ಕಳ್ಳ ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡಬಹುದು. ಇದಕ್ಕೆ 2003ರಲ್ಲಿ ಹ್ವಾಂಗ್ ಎಂಬವರು ಹೇಳಿದ ಉಪಾಯ ನಮಗೆ ಬಹಳ ಹಿಡಿಸಿತು. ನಿಜವಾದ ಮಿಂಚುಗಳ ನಡುವೆ ಬೇರೆ ತೀಕ್ಷ್ಣತೆಯ ಹುಸಿ ಮಿಂಚುಗಳನ್ನು ಬೆರೆಸುವುದು. ಯಾವುದು ಹುಸಿಯೆಂದು ಅಕ್ಕನಿಗೆ ಮಾತ್ರ ಗೊತ್ತು. ಕಳ್ಳ ಎರಡು ಕಣದವನ್ನೇ ಆರಿಸಿಕೊಂಡರೆ ಹುಸಿ ಮಿಂಚುಗಳ ಲೆಕ್ಕ ಏರುಪೇರಾಗಿ ಸಿಕ್ಕಿಬೀಳುತ್ತಾನೆ.

ನಮ್ಮ ಹುಡುಗಿಯ ಪಾಲಿಗೂ ಇಂಥದೊಂದು ಬಿರುಕು ಬಂದಿತ್ತು. ಅವಳ ಯಂತ್ರದಲ್ಲಿ ಕಣ ಹಿಡಿಯುವ ಎರಡು ಸಾಧನ: ಒಂದು ಸೊನ್ನೆಗೆ, ಒಂದು ಒಂದಕ್ಕೆ. ಎರಡೂ ಒಂದೇ ಗಳಿಗೆಯಲ್ಲಿ ಕಣ್ಣು ತೆರೆಯಬೇಕು. ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ ವ್ಯತ್ಯಾಸ ಅವೆರಡರ ನಡುವೆ ಇದ್ದದ್ದು ಅವಳ ಗಮನಕ್ಕೆ ಬಂತು. ಕಳ್ಳ ಕಣವನ್ನು ತುಸು ಮುಂಚೆಯೋ ತಡವಾಗಿಯೋ ಕಳುಹಿಸಿದರೆ ಯಾವ ಸಾಧನ ಎಚ್ಚರಗೊಳ್ಳುವುದೆಂದು ಊಹಿಸಬಹುದು. ಈ ಬಗೆಯ ದೋಷ 2006ರಿಂದಲೇ ಲೋಕಕ್ಕೆ ತಿಳಿದದ್ದು, ಹೊಸದೇನಲ್ಲ. ಮುಚ್ಚಿಟ್ಟು ಮುಂದೆ ಹೋದರೆ ಆ ವರ್ಷದ ಲೇಖನ ಹೊತ್ತಿಗೆ ಸರಿಯಾಗಿ ಹೊರಡುತ್ತಿತ್ತು. ಜೊತೆಯವರಲ್ಲಿ ಒಬ್ಬರು ಹಾಗೆ ಮಾಡೆಂದು ಹೇಳಿಯೂ ಇದ್ದರು. ಅವಳು ಒಪ್ಪಲಿಲ್ಲ. ವ್ಯತ್ಯಾಸವನ್ನು ಅಳೆದು, ಕಳ್ಳನಿಗೆ ಎಷ್ಟು ತಿಳಿಯಬಹುದೆಂದು ಲೆಕ್ಕ ಹಾಕಿ, ಎರಡು ಸಾಧನಗಳ ಪಾತ್ರವನ್ನು ಪ್ರತಿ ಸಲವೂ ಮನಸ್ಸಿಗೆ ಬಂದಂತೆ ಅದಲುಬದಲು ಮಾಡುವ ಏರ್ಪಾಡು ಮಾಡಿ ಮುಗಿಸುವಾಗ ಎಂಟು ತಿಂಗಳಾಗಿತ್ತು. ಅಷ್ಟರಲ್ಲಿ ಬೇರೆ ದೇಶದ ತಂಡವೊಂದು ಅವಳು ಮಾಡಬೇಕೆಂದಿದ್ದ ಪ್ರಯೋಗವನ್ನು ಪ್ರಕಟಿಸಿಬಿಟ್ಟಿತು.

ಇದನ್ನು ಹೇಳುವಾಗ ಅವಳ ತಂದೆ ಎದುರಿಗೇ ಕುಳಿತಿದ್ದರು. "ಎಂಟು ತಿಂಗಳಾ ದುಡದು ಗೊತ್ತಾಗಿದ್ದು ನಿನ್ನ ಯಂತ್ರಾ ಬರೋಬರಿ ಇಲ್ಲಂತನ?" ಎಂದರು.

"ಹೌದಪ್ಪಾ. ನನಗ ಗೊತ್ತಾತು. ಕಳ್ಳಗ ಗೊತ್ತಾಗೂಕಿಂತ ಮೊದಲ."

ತಂದೆ ಮತ್ತೇನೂ ಹೇಳಲಿಲ್ಲ. ತಾಯಿ ಮಾತ್ರ, ಮದುವೆಗೆ ನೋಡಿ ಹೋದವರಿಗೆ ಇನ್ನೆಷ್ಟು ವರ್ಷ ಎಂದು ಹೇಳಲಿ ಎಂದು ನಮ್ಮನ್ನೇ ಕೇಳಿದರು. ನಾವು ಹುಡುಗಿಯ ಕಡೆ ನೋಡಿದೆವು. ಅವಳು "ಇನ್ನ ಎರಡು ವರ್ಷ ಅನ್ನವ್ವಾ" ಎಂದು ನಕ್ಕಳು.

ದೂರದ ಸಮಸ್ಯೆ ಇನ್ನೂ ದೊಡ್ಡದು. 1995ರಲ್ಲಿ ಜಿನೀವದವರು ಸರೋವರದ ಅಡಿಯ ಗಾಜಿನ ನಾರಿನಲ್ಲಿ 23 ಕಿಲೋಮೀಟರು ಸಾಗಿಸಿ ತೋರಿಸಿದಾಗ ಎಲ್ಲರೂ ಬೆರಗಾದರು. ಆದರೆ ಸಾಮಾನ್ಯವಾಗಿ ಬಳಸುವ ನಾರಿನಲ್ಲಿ ಪ್ರತಿ 50 ಕಿಲೋಮೀಟರಿಗೆ ಸುಮಾರು ಹತ್ತರಲ್ಲಿ ಒಂದು ಕಣವಷ್ಟೇ ಉಳಿಯುತ್ತದೆ. ಮುಂಬಯಿಯಿಂದ ಪುಣೆಗೆ 150 ಎಂದರೆ ಸಾವಿರದಲ್ಲಿ ಒಂದು. ನಮ್ಮ ಅಕ್ಕನ ಬೆಳಗಾವಿಯಿಂದ ಹೆಚ್ಚು ಕಡಿಮೆ 500 ಎಂದರೆ ಸಾವಿರ ಕೋಟಿಯಲ್ಲಿ ಒಂದು! ಅಕ್ಕ ಸೆಕೆಂಡಿಗೆ ನೂರು ಕೋಟಿ ಕಣ ಕಳುಹಿಸಿದರೂ ತಂಗಿಗೆ ಹತ್ತು ಸೆಕೆಂಡಿಗೊಂದು ಬಂದೀತು. ಸಾಮಾನ್ಯ ಟೆಲಿಫೋನಿನಲ್ಲಿ ನಡುನಡುವೆ ಸದ್ದನ್ನು ಹೆಚ್ಚಿಸುವ ಯಂತ್ರವಿಟ್ಟಂತೆ ಇಲ್ಲಿ ಇಡಲಾಗದು. ನಕಲು ಮಾಡಲಾಗದ್ದನ್ನು ಹೆಚ್ಚಿಸುವುದೆಲ್ಲಿಂದ ಬಂತು? ಕಳ್ಳನನ್ನು ತಡೆಯುವ ನಿಯಮವೇ ಗೆಳೆಯನನ್ನೂ ತಡೆಯುತ್ತದೆ. ಚೀನದವರು 2017ರಲ್ಲಿ ಪೀಕಿಂಗಿನಿಂದ ಶಾಂಘಾಯಿಗೆ ಸುಮಾರು 2000 ಕಿಲೋಮೀಟರಿನ ದಾರಿ ತೆರೆದಾಗ ನಡುವೆ 32 ಠಾಣೆಗಳನ್ನಿಟ್ಟರು. ಪ್ರತಿಯೊಂದು ಠಾಣೆಯಲ್ಲೂ ಬೀಗದಕೈ ತೆರೆದು ಮತ್ತೆ ಮುಚ್ಚಬೇಕು, ಠಾಣೆಯವರನ್ನು ನಂಬಬೇಕು. ಇನ್ನೊಂದು ದಾರಿ ಆಕಾಶದ್ದು. ಹತ್ತಾರು ಕಿಲೋಮೀಟರು ಮೇಲೆ ಹೋದರೆ ಗಾಳಿಯೇ ಇಲ್ಲ, ಕಣ ಕಳೆಯುವುದು ಕಡಿಮೆ. ಚೀನದವರೇ 2016ರಲ್ಲಿ ಹಾರಿಸಿದ ಉಪಗ್ರಹದ ನೆರವಿನಿಂದ 2017ರ ಸೆಪ್ಟೆಂಬರಿನಲ್ಲಿ ಪೀಕಿಂಗಿಗೂ ವಿಯೆನ್ನಾಕ್ಕೂ ನಡುವೆ ಗುಟ್ಟಿನ ಮಾತುಕತೆ ನಡೆಯಿತು. ಆ ಉಪಗ್ರಹದ ಕೆಲಸವೆಲ್ಲ ರಾತ್ರಿಯ ಹೊತ್ತು. ಹಗಲಿನ ಸೂರ್ಯನ ಮುಂದೆ ಒಂಟಿ ಕಣವನ್ನು ಹುಡುಕುವುದೆಲ್ಲಿ?

ನಮ್ಮವರೂ ಕೈಕಟ್ಟಿ ಕುಳಿತಿಲ್ಲ. 2021ರ ಮಾರ್ಚಿನಲ್ಲಿ ಇಸ್ರೋ ವಿಜ್ಞಾನಿಗಳು ಅಹಮದಾಬಾದಿನಲ್ಲಿ 300 ಮೀಟರು ಬಯಲಿನಲ್ಲಿ ಸಾಗಿಸಿದರು. 2022ರ ಫೆಬ್ರವರಿಯಲ್ಲಿ ಡಿ.ಆರ್.ಡಿ.ಓ. ಮತ್ತು ದೆಹಲಿಯ ಐ.ಐ.ಟಿ.ಯವರು ಪ್ರಯಾಗರಾಜಕ್ಕೂ ವಿಂಧ್ಯಾಚಲಕ್ಕೂ ನಡುವೆ ನೂರು ಕಿಲೋಮೀಟರಿಗೂ ಹೆಚ್ಚು ದೂರ, ಮೊದಲೇ ನೆಲದಲ್ಲಿ ಹೂತಿದ್ದ ಸಾಮಾನ್ಯ ನಾರಿನಲ್ಲೇ ಸಾಧಿಸಿದರು. 2025ರ ಜೂನಿನಲ್ಲಿ ಅವರೇ ದೆಹಲಿಯ ಐ.ಐ.ಟಿ. ಆವರಣದಲ್ಲಿ ಒಂದು ಕಿಲೋಮೀಟರಿಗೂ ಹೆಚ್ಚು ಬಯಲು ದಾರಿಯಲ್ಲಿ, ಹೆಣೆದುಕೊಂಡ ಜೋಡಿ ಕಣಗಳಿಂದ, ಸೆಕೆಂಡಿಗೆ ಸುಮಾರು 240 ಬಿಟ್ಟುಗಳ ಬೀಗದಕೈ ಪಡೆದರು. ಕಾಗುಣಿತದ ಗುರುತನ್ನೂ ಒಂದು ಅಕ್ಷರವೆಂದೆಣಿಸಿದರೆ ಕಂಪ್ಯೂಟರಿನಲ್ಲಿ ಕನ್ನಡದ ಅಕ್ಷರವೊಂದಕ್ಕೆ ಸಾಮಾನ್ಯವಾಗಿ 24 ಬಿಟ್ಟು. ಎಂದರೆ ಸೆಕೆಂಡಿಗೆ ಹತ್ತು ಅಕ್ಷರ. ಅಜ್ಜಿಯ ಕಾಗದಕ್ಕೆ ಸಾಕು. 2023ರ ಏಪ್ರಿಲಿನಲ್ಲಿ ಕೇಂದ್ರ ಸಂಪುಟ ರಾಷ್ಟ್ರೀಯ ಕ್ವಾಂಟಂ ಮಿಷನ್ನಿಗೆ 2031ರ ತನಕ 6,003.65 ಕೋಟಿ ರೂಪಾಯಿ ಮಂಜೂರು ಮಾಡಿತು. ಉಪಗ್ರಹದ ಮೂಲಕ 2000 ಕಿಲೋಮೀಟರಿನ ಸಂಪರ್ಕ ಅದರ ಗುರಿಗಳಲ್ಲೊಂದು.

ಇದರ ವಿರುದ್ಧದ ಮಾತನ್ನೂ ವಾಚಕರ ಮುಂದಿಡುವುದು ನ್ಯಾಯ. ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆ ತನ್ನ ಕೆಲಸಕ್ಕೆ ಈ ಕ್ವಾಂಟಂ ಬೀಗದಕೈಯನ್ನು ಶಿಫಾರಸು ಮಾಡುವುದಿಲ್ಲ. ಅದಕ್ಕೆ ವಿಶೇಷ ಯಂತ್ರ ಬೇಕು, ಖರ್ಚು ಬಹಳ. ಅಲ್ಲದೆ ಟೆಲಿಫೋನಿನಲ್ಲಿ ಅಕ್ಕನೆಂದು ಮಾತನಾಡಿದವಳು ಅಕ್ಕನೇ ಹೌದೆ ಎಂದು ತಿಳಿಯಲು ಮೊದಲೇ ಒಂದು ಚಿಕ್ಕ ಗುಟ್ಟು ಇಬ್ಬರಲ್ಲಿ ಇರಲೇಬೇಕು ಎನ್ನುತ್ತದೆ. ಇದು ನಿಜ. ಅತ್ತ ಗಣಿತಜ್ಞರು ಶೋರ್ ಅವರ ವಿಧಾನಕ್ಕೂ ಜಗ್ಗದಂಥ ಹೊಸ ಬೀಗಗಳನ್ನು ಮಾಡಿದ್ದಾರೆ. 2024ರ ಆಗಸ್ಟಿನಲ್ಲಿ ಅಮೆರಿಕದ ಮಾನಕ ಸಂಸ್ಥೆ ಅಂಥ ಮೂರನ್ನು ಪ್ರಕಟಿಸಿತು. ಅದಕ್ಕೆ ಹೊಸ ತಂತಿ ಬೇಡ, ತಣ್ಣನೆಯ ಪೆಟ್ಟಿಗೆ ಬೇಡ. ಹಾಗಾದರೆ ನಿಮ್ಮ ಶ್ರಮವೆಲ್ಲ ವ್ಯರ್ಥವಾಗಬಹುದಲ್ಲ ಎಂದು ನಾವು ನೇರವಾಗಿಯೇ ಕೇಳಿದೆವು. "ಆಗಬಹುದರಿ ಕಾಕಾ," ಎಂದಳು, "ಆದ್ರ ಆ ಗಣಿತಾ ಯಾರಿಗೂ ಬಿಡಸಾಕ ಬರೂದಿಲ್ಲಂತ ಇನ್ನೂ ಯಾರೂ ಸಾಧಿಸಿಲ್ಲ." ಮನೆಮನೆಯ ವ್ಯವಹಾರಕ್ಕೆ ಹೊಸ ಗಣಿತವೇ ಸಾಕೆಂದೂ, ಐವತ್ತು ವರ್ಷ ಗುಟ್ಟಾಗಿರಬೇಕಾದ ಕೆಲವೇ ದಾರಿಗಳಿಗೆ ಬೆಳಕಿನ ಕಾವಲು ಬೇಕಾದೀತೆಂದೂ ನಮಗೆ ತೋರುತ್ತದೆ.

ಕೊನೆಗೆ, ಮಕ್ಕಳನ್ನು ಈ ದಾರಿಗೆ ಕಳುಹಿಸಬೇಕೆನ್ನುವವರಿಗೆ ನಾಲ್ಕು ಮಾತು. ಭೌತಶಾಸ್ತ್ರದ ಎಂ.ಎಸ್‌ಸಿ. ರಾಜಮಾರ್ಗ, ಆದರೆ ಎಲೆಕ್ಟ್ರಾನಿಕ್ಸ್ ಎಂಜಿನಿಯರುಗಳೂ ಗಣಿತದವರೂ ಅಷ್ಟೇ ಬೇಕು. ಜೆಸ್ಟ್, ನೆಟ್, ಗೇಟ್ ಪರೀಕ್ಷೆಗಳಲ್ಲಿ ಒಂದರಲ್ಲಿ ಗೆಲ್ಲಬೇಕು. 2023ರ ಜನವರಿಯಿಂದ ಜಾರಿಗೆ ಬಂದ ದರದಂತೆ ಕಿರಿಯ ಸಂಶೋಧಕರಿಗೆ ತಿಂಗಳಿಗೆ 37,000 ರೂಪಾಯಿ, ಹಿರಿಯರಿಗೆ 42,000. ಮುಂಬಯಿಯ ಬಾಡಿಗೆಗೆ ಇದು ಹೆಚ್ಚೇನಲ್ಲ, ಹಾಸ್ಟೆಲಿದ್ದರೆ ನಡೆಯುತ್ತದೆ. ಪಿಎಚ್.ಡಿ.ಗೆ ಐದಾರು ವರ್ಷ, ಅದರ ಮೇಲೆ ಎರಡು ಮೂರು ವರ್ಷ ಬೇರೆ ಕಡೆ ದುಡಿಮೆ. ಆಮೇಲೆ ಸಂಶೋಧನಾ ಸಂಸ್ಥೆಗಳಿವೆ, ಇಸ್ರೋ, ಡಿ.ಆರ್.ಡಿ.ಓ. ಇವೆ, ಮದ್ರಾಸಿನ ಐ.ಐ.ಟಿ.ಯಲ್ಲಿ ಸಿ-ಡಾಟ್ ಜೊತೆಗೂಡಿ ನಡೆಸುವ ಕ್ವಾಂಟಂ ಸಂಪರ್ಕ ಕೇಂದ್ರವಿದೆ, ಬೆಂಗಳೂರಿನಲ್ಲಿ ಇದೇ ಯಂತ್ರಗಳನ್ನು ಮಾಡಿ ಮಾರುವ ಖಾಸಗಿಯವರೂ ಇದ್ದಾರೆ. ಕೈ ನಡುಗದವರು, ಒಂದೇ ತಿರುಪನ್ನು ನೂರು ಸಲ ತಿರುಗಿಸಲು ಬೇಸರಪಡದವರು ಬೇಕಂತೆ. ಕತ್ತಲೆ ಕೋಣೆಯಲ್ಲಿ ಮೊದಮೊದಲು ಮಧ್ಯಾಹ್ನ ಊಟವಾದ ಮೇಲೆ ಕಣ್ಣು ಎಳೆಯುತ್ತದೆ. ಅದಕ್ಕೆ ಚಹದ ಫ್ಲಾಸ್ಕು ಕೊಟ್ಟು ಕಳುಹಿಸಬಹುದು, ಆದರೆ ಅದನ್ನು ಕರಿಯ ಪರದೆಯ ಹೊರಗೇ ಇಡಬೇಕು, ಮೇಜಿನ ಹತ್ತಿರ ತರಗೊಡುವುದಿಲ್ಲ.